ಸಾಲಿನ ಕೊನೆಯ ಎರಡು ಗುರುತು

ತೆಲುಗು ಸೀಮೆಯ ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕೊರೆಯುವ ಹಳೆಯ ಯಂತ್ರವಿತ್ತು. ಅದರೊಂದಿಗೆ ಹತ್ತೊಂಬತ್ತು ವರ್ಷ ಏಗಿದವನು ಸಿಂಧನೂರು ಕಡೆಯ ಅಮರೇಶಪ್ಪ. ಎಲ್ಲಿ ಕೊರೆಯಬೇಕು, ಎಷ್ಟು ಕೊರೆಯಬೇಕು ಎಂದು ಸಾಲುಸಾಲಾಗಿ ಬರೆದ ಫೈಲು ಕಂಪ್ಯೂಟರಿನಿಂದ ಅದಕ್ಕೆ ಬರಬೇಕು. ಮುದಿ ಯಂತ್ರದ ಹಟವೆಂದರೆ, ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತು ಬೇಕು. ಆಫೀಸಿನ ಹೊಸ ಕಂಪ್ಯೂಟರ್ ಒಂದೇ ಗುರುತು ಹಾಕುತ್ತಿತ್ತು. ಆಗ ನೂರು ಸಾಲೂ ಯಂತ್ರಕ್ಕೆ ಒಂದೇ ಸಾಲಾಗಿ ಕಂಡು, ಅದು ಮೊಂಡುಬಿದ್ದು ನಿಲ್ಲುತ್ತಿತ್ತು. ಅಮರೇಶಪ್ಪ ದಿನಾ ಬೆಳಿಗ್ಗೆ ಕೂತು ಎರಡನೆಯ ಗುರುತು ಸೇರಿಸುತ್ತಿದ್ದ. ಎಂಟನೆಯ ಇಯತ್ತೆ ಓದಿದವನಿಗೆ ಇದು ಹೇಗೆ ತಿಳಿಯಿತೆಂದರೆ, ಆರು ತಿಂಗಳು ಬೈಸಿಕೊಂಡು ತಿಳಿಯಿತು.

ಐವತ್ತಮೂರನೆಯ ವಯಸ್ಸಿನಲ್ಲಿ ಅವನ ಅನ್ನ ಆ ಗುರುತಿನ ಮೇಲೆಯೇ ನಿಂತಿತ್ತು. ಅದನ್ನು ಬಚ್ಚಿಟ್ಟುಕೊಳ್ಳುವ ಬುದ್ಧಿ ಮಾತ್ರ ಬರಲಿಲ್ಲ. ಕಲಬುರಗಿಯ ಸುಶಾಂತ ಹೊಸ ಇಂಜಿನಿಯರಾಗಿ ಬಂದಾಗ, ನಮ್ಮ ಕಡೆಯವನೆಂಬ ಅಕ್ಕರೆಯಿಂದ ಎಲ್ಲ ಹೇಳಿಕೊಟ್ಟು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ. ಆ ಕೆಲಸ ತಾನಾಗಿಯೇ ಆಗುವಂತೆ ಸುಶಾಂತ ಒಂದು ಪುಟ್ಟ ಪ್ರೋಗ್ರಾಂ ಬರೆದ. ಬಟನ್ ಒತ್ತಲು ಯಾರಾದರೂ ಆದೀತೆಂದು ಮಾಲೀಕ ಅಮರೇಶಪ್ಪನನ್ನು ಕೆಲಸದಿಂದ ಬಿಡಿಸಿದ.

ಹೋಗುವವನು ಸುಮ್ಮನೆ ಹೋಗಬಾರದೇ? ಕೊನೆಯ ದಿನವೂ ಕೂತು, ಮುಂದಿನ ವಾರದ ಫೈಲುಗಳಿಗೆಲ್ಲ ಗುರುತು ಹಾಕಿಟ್ಟು ಬಂದ.

ನಾಲ್ಕನೆಯ ದಿನ, ಹೊಸ ವಾರ ಶುರುವಾಗುತ್ತಲೇ, ಕಾರ್ಖಾನೆಯಿಂದ ಫೋನ್ ಬಂತು. ಯಂತ್ರ ನಿಂತಿದೆ, ತಕ್ಷಣ ಬಾ ಎಂದರು. ಹೆಂಡತಿ ಬಸಲಿಂಗಮ್ಮ ಅಂಗಿಗೆ ಇಸ್ತ್ರಿ ಹಾಕಿದಳು, ರೊಟ್ಟಿ ಬುತ್ತಿ ಕಟ್ಟಿದಳು.

"ನೀವಿಲ್ಲದ ಅದು ನಡಿಯಂಗಿಲ್ಲಂತ ಈಗ ಗೊತ್ತಾತು ನೋಡ್ರಿ" ಎಂದಳು. ಅವನಿಗೂ ಹಾಗೆಯೇ ಅನ್ನಿಸಿ, ದಾರಿಯುದ್ದಕ್ಕೂ ಎದೆ ಹಗುರಾಗಿತ್ತು.

ಸುಶಾಂತ ಪರದೆ ತೋರಿಸಿದ. ಆಗಲೇ ಎರಡು ಗುರುತಿದ್ದ ಫೈಲುಗಳಿಗೆ ಪ್ರೋಗ್ರಾಂ ಇನ್ನೊಂದು ಸೇರಿಸಿ, ಸಾಲಿಗೆ ಮೂರಾಗಿ, ಯಂತ್ರ ಮೊಂಡುಬಿದ್ದಿತ್ತು.

"ಇವನ್ನ ನೀವು ಮುಟ್ಟೀರೇನ್ರಿ, ಅಮರೇಶಪ್ಪನವರ?"

"ಹೌದ್ರಿ. ನಿಮಗ ತ್ರಾಸ ಆಗಬಾರದಂತ ಮಾಡಿಟ್ಟಿದ್ದೆ."

ಸುಶಾಂತ ಅವನ ಮುಖ ನೋಡದೆ ಕೀಲಿ ಒತ್ತಿದ. ಐದು ನಿಮಿಷದಲ್ಲಿ ಯಂತ್ರ ನಡೆಯತೊಡಗಿತು. ಹೇಳದ ಕೆಲಸಕ್ಕೆ ಯಾಕೆ ಕೈ ಹಾಕಿದೆ ಎಂದು ಮಾಲೀಕ ತೆಲುಗಿನಲ್ಲಿ ಗದರಿ, ಇವನನ್ನು ಇನ್ನು ಒಳಗೆ ಬಿಡಬೇಡವೆಂದು ಗೇಟಿನವನಿಗೆ ಹೇಳಿದ.

ಮನೆಯಲ್ಲಿ ಬಸಲಿಂಗಮ್ಮ ಬಾಗಿಲಲ್ಲೇ ಕಾದಿದ್ದಳು. ನಾಳೆ ಎಷ್ಟೊತ್ತಿಗೆ ಬುತ್ತಿ ಕಟ್ಟಲಿ ಎಂದು ಕೇಳಿದಳು. ಅಮರೇಶಪ್ಪ ಬಿಚ್ಚದ ಬುತ್ತಿಯನ್ನು ಅವಳ ಕೈಗೆ ಕೊಟ್ಟ.

"ಬ್ಯಾಡ" ಎಂದ. "ಯಂತ್ರ ಛಲೋ ನಡದೈತಿ."