ಕಾಂಡ್ಲಾ ಕಾಡಿನ ಬಿಳಿ ಡಂಪರ್

ಕೊರೊನಾ ಮುಗಿದ ಮರುವರ್ಷ. ದಹಿಸರ್‌ನಲ್ಲಿ ಹತ್ತಡಿ ಅಗಲದ ನನ್ನ ಸ್ವಂತ ಅಂಗಡಿಯಲ್ಲಿ ಅಚ್ಚು ಕೆತ್ತುತ್ತಿದ್ದೆ. ವಿಜಯಪುರದಲ್ಲಿ ಐದನೇ ಇಯತ್ತೆಗೆ ಶಾಲೆ ಬಿಟ್ಟು ಮುಂಬಯಿಗೆ ಬಂದವನು ನಾನು. ಸೀರೆಗೆ, ಚಾದರಕ್ಕೆ ಬಣ್ಣ ಒತ್ತುವ ಸಾಗುವಾನಿ ಅಚ್ಚುಗಳನ್ನು ಮೂವತ್ತೆಂಟು ವರ್ಷ ಕೆತ್ತಿದ್ದೇನೆ. ಗೆರೆ ಒಡೆದಿದೆ ಎಂದು ಒಂದು ಅಚ್ಚನ್ನೂ ಯಾರೂ ವಾಪಸು ತಂದಿಲ್ಲ. ಬಟ್ಟೆಯ ಕೆಲಸವೆಲ್ಲ ಮಷೀನಿಗೆ ಹೋದ ಮೇಲೆ ಸಂಘ ಸಂಸ್ಥೆಗಳಿಗೆ ರಿಲೀಫ್ ಪ್ರಿಂಟ್ ಮಾಡಿಕೊಡತೊಡಗಿದೆ.

ರಿಲೀಫ್ ಪ್ರಿಂಟ್ ಎಂದರೆ ಹಲಗೆಯ ಮೇಲೆ ಚಿತ್ರ ಬರೆದು, ಬೇಡದ್ದನ್ನು ಉಳಿಯಿಂದ ಕೊರೆದು ತೆಗೆಯುವುದು. ಉಬ್ಬಿ ಉಳಿದ ಭಾಗಕ್ಕೆ ರೋಲರಿನಿಂದ ಮಸಿ ಹಚ್ಚಿ, ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕಬೇಕು. ಉಳಿದದ್ದು ಕಪ್ಪು, ತೆಗೆದದ್ದು ಬಿಳಿ. ಕೊರೆದು ತೆಗೆದ ಕಟ್ಟಿಗೆ ಮತ್ತೆ ಬರುವುದಿಲ್ಲ.

ನಮ್ಮ ರಸ್ತೆಯ ದೊಡ್ಡ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಶೆಟ್ಟರು ಒಂದು ಬೆಳಿಗ್ಗೆ ಬಂದರು. ಉಡುಪಿ ಕಡೆಯವರು, ಹೋಟೆಲನ್ನು ಮಗನಿಗೆ ಬಿಟ್ಟು ಈಗ ಖಾಡಿ ಉಳಿಸುವ ಸಮಿತಿ ಕಟ್ಟಿಕೊಂಡಿದ್ದರು. ಖಾಡಿ ಎಂದರೆ ಸಮುದ್ರದ ಹಿನ್ನೀರು. ಅದರ ದಂಡೆಯಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡನ್ನು ಯಾರೋ ಕಸ ಕಲ್ಲು ತುಂಬಿ ಮುಚ್ಚುತ್ತಿದ್ದರು. ಅಲ್ಲಿಂದ ಹನ್ನೆರಡು ದಿನಕ್ಕೆ ಅಧಿಕಾರಿಗಳು ಜನರ ಅಹವಾಲು ಕೇಳುವ ಸಭೆಯಿತ್ತು. ಅಲ್ಲಿ ತೂಗುಹಾಕಲು ಮೂರಡಿ ಅಗಲದ ಚಿತ್ರ, ಇಪ್ಪತ್ತು ಪ್ರತಿ ಬೇಕಿತ್ತು.

"ನಮ್ಮೂರಲ್ಲಿ ಹೊಳೆಬದಿ ಪೂರ್ತಿ ಇದೇ ಕಾಂಡ್ಲಾ. ನೋಡುವಾಗ ಹೊಟ್ಟೆ ಉರಿತದೆ ಮಾರಾಯ್ರೆ" ಎಂದರು. ಆ ಮಾತು ಸುಳ್ಳಲ್ಲ. ಆದರೆ ಅವರು ತಂದ ನಕ್ಷೆಯಲ್ಲಿ ದಟ್ಟ ಕಾಡು, ಪಕ್ಕದಲ್ಲಿ ಜೋಪಡಿಗಳು ಇದ್ದವು, ಬುಟ್ಟಿಯಿಂದ ಕಾಡಿಗೆ ಕಸ ಸುರಿಯುವ ಒಬ್ಬ ಹೆಂಗಸಿದ್ದಳು. ಜೋಪಡಿಗಳನ್ನು ಎಬ್ಬಿಸಬೇಕು ಎಂಬುದೇ ಸಮಿತಿಯ ಅಹವಾಲು.

ಕಣ್ಣಿಂದ ನೋಡದ್ದನ್ನು ನಾನು ಕೆತ್ತುವುದಿಲ್ಲ. ಸೀರೆಯ ಮೇಲಿನ ಮಾವಿನ ಬುಟ್ಟಾ ಕೆತ್ತುವಾಗಲೂ ಎದುರಿಗೆ ಒಂದು ಮಾವಿನಕಾಯಿ ಇಟ್ಟುಕೊಳ್ಳುತ್ತಿದ್ದೆ. ಅಂದೇ ಮಧ್ಯಾಹ್ನ ಖಾಡಿಗೆ ಹೋದೆ. ಹಾಡಹಗಲೇ ಒಂದು ಡಂಪರ್ ಲಾರಿ ಹಿಮ್ಮುಖವಾಗಿ ಬಂದು, ಕೆಡವಿದ ಕಟ್ಟಡದ ಡೆಬ್ರಿಸನ್ನು ಗಿಡಗಳ ಮೇಲೆ ಸುರಿದು ಹೋಯಿತು. ರಾಶಿಯಲ್ಲಿ ಗುಲಾಬಿ ಬಣ್ಣದ ಲಾದಿಯ ತುಂಡುಗಳಿದ್ದವು. ನೆಲಕ್ಕೆ ಹಾಸುವ ಆ ಹಳೇ ಲಾದಿ ನನಗೆ ಚೆನ್ನಾಗಿ ಗೊತ್ತು. ಶೆಟ್ಟರ ಸೊಸೈಟಿಯ ಮೆಟ್ಟಿಲುಗಳ ಮೇಲೆ ವರ್ಷಗಟ್ಟಲೆ ತುಳಿದಿದ್ದೇನೆ. ರಿಡೆವಲಪ್‌ಮೆಂಟಿಗೆಂದು ಅವರ ಹಿಂದಿನ ವಿಂಗನ್ನು ಆ ತಿಂಗಳೇ ಕೆಡವುತ್ತಿದ್ದರು.

ಅಲ್ಲಿನ ಜೋಪಡಿಯೊಂದರಲ್ಲಿ ಯಾದಗಿರಿ ಕಡೆಯ ಶಾಂತವ್ವ ಇದ್ದಳು, ಗಾರೆ ಕೆಲಸದವಳು. ನಕ್ಷೆ ತೋರಿಸಿದೆ. ಕಸ ಸುರಿಯುವ ಹೆಂಗಸಿನ ಮೇಲೆ ಬೆರಳಿಟ್ಟಳು.

"ಇಕಿ ನಾನೇ ಏನಣ್ಣ?"

"ನಿಮ್ಮವ್ರೇ ಯಾರೋ ಅಂತ ಅಂದ್ಕೊಂಡಾರ."

"ಕಸ ಚೆಲ್ಲಬೇಕಂದ್ರ ಮನ್ಯಾಗ ಏನರ ಇರಬೇಕಲ್ಲ. ನೀರಿನ ಕ್ಯಾನ್ ಹೊತ್ತು ಹೊತ್ತು ಕುತ್ಗಿ ಇಳದದ, ಇನ್ನ ಆ ಬುಟ್ಟಿ ಬ್ಯಾರೆ ಹೊರಸ್ತಾರಂತ."

ನನಗೆ ಮೈ ಉರಿಯಿತು. ತಮ್ಮ ಮನೆಯ ಮೆಟ್ಟಿಲು ಒಡೆದು ಕಾಡಿಗೆ ಸುರಿದು, ಆ ಪಾಪವನ್ನು ಇವಳ ತಲೆಗೆ ಹೊರಿಸಿ, ಇವಳ ಸೂರು ಕೀಳಿಸುವುದು. ಅದಕ್ಕೆ ನನ್ನ ಉಳಿ ಬೇಕು. ಶಾಂತವ್ವನ ತಲೆಯ ಮೇಲೆ ನೀರಿನ ಕ್ಯಾನ್ ಕೆತ್ತಿದೆ. ಕಾಡಿನ ನಡುವೆ, ಕಣ್ಣಾರೆ ಕಂಡಂತೆ, ತೊಟ್ಟಿ ಎತ್ತಿ ನಿಂತ ಡಂಪರ್ ಕೆತ್ತಿದೆ. ಏಳು ದಿನ ಹಿಡಿಯಿತು.

ಮೊದಲ ಪ್ರತಿ ನೋಡಿ ಶೆಟ್ಟರ ಮುಖ ಗಂಟಾಯಿತು.

"ಡಂಪರ್ ನಾವು ಹೇಳಿದ್ದಾ?"

"ನಾ ನೋಡೇನ್ರಿ. ನಿಮ್ಮ ಮೆಟ್ಟಲದ್ದ ಗುಲಾಬಿ ಲಾದಿ ಐತಿ ಅದರಾಗ."

"ಅದು ಕಂಟ್ರಾಕ್ಟರ್ ವಿಷಯ. ಅವ ಎಲ್ಲಿ ಹಾಕ್ತಾನೆ ಅಂತ ನಾವು ಹಿಂದೆ ಹೋಗ್ಲಿಕ್ಕೆ ಆಗ್ತದಾ? ನಿಮ್ದು ಕೆತ್ತುವ ಕೆಲಸ, ಕೆತ್ತಿ. ಐದನೇ ಕ್ಲಾಸಿಗೆ ಇಷ್ಟೆಲ್ಲ ಪಂಚಾಯ್ತಿ ಬೇಡ."

ಡಂಪರ್ ತೆಗೆಯಬೇಕು, ಕ್ಯಾನ್ ಇದ್ದಲ್ಲಿ ಬುಟ್ಟಿ ಬರಬೇಕು ಎಂದರು. ಬುಟ್ಟಿ ಬರಲು ಕಟ್ಟಿಗೆಯೇ ಉಳಿದಿಲ್ಲ ಎಂದೆ. "ಹಾಗಾದ್ರೆ ಡಂಪರ್ ಒಂದು ತೆಗ್ದು ಬಿಡಿ."

"ತೆಗೀತೇನ್ರಿ. ಆದ್ರ ತಗದದ್ದು ಬಿಳೀ ಬೀಳತೈತಿ. ಸುತ್ತೆಲ್ಲಾ ಕರೀ ಕಾಡೈತಿ, ವಿಚಾರ ಮಾಡ್ರಿ."

"ಬಿಳಿ ಆಗ್ಲಿ, ನೀಲಿ ಆಗ್ಲಿ. ಡಂಪರ್ ಇರ್ಬಾರ್ದು."

ಮೊಬೈಲಿನಲ್ಲಿ ಫೋಟೊ ಅಳಿಸಿದ ಹಾಗೆ ಎಂದುಕೊಂಡಿದ್ದರು. ನಾನು ಹೇಳುವುದನ್ನು ಹೇಳಿಯಾಗಿತ್ತು. ಉಳಿ ಹಿಡಿದೆ. ಡಂಪರಿನ ತೊಟ್ಟಿ, ಗಾಲಿ, ಕ್ಯಾಬಿನ್ ಎಲ್ಲವನ್ನೂ ಅಂಚಿಗೆ ಸರಿಯಾಗಿ ಕೊರೆದು ನೆಲಸಮ ಮಾಡಿದೆ. ಅಂಚನ್ನು ಮಸುಕು ಮಾಡಿ, ನಾಲ್ಕು ಎಲೆ ಗೀರಿ ಕಾಡಿನಲ್ಲಿ ಸೇರಿಸಿಬಿಡಬಹುದಿತ್ತು. ಆ ಕೈಚಳಕ ನನಗಿದೆ. ಮಾಡಲಿಲ್ಲ. ಅವರು ಕೇಳಿಯೂ ಇರಲಿಲ್ಲ.

ಇಪ್ಪತ್ತು ಪ್ರತಿ ಒತ್ತಿ ಹರವಿದೆ; ಎಣ್ಣೆ ಮಸಿ ಒಣಗಲು ಮೂರು ದಿನ ಬೇಕು. ಸಭೆಯ ದಿನ ಬೆಳಿಗ್ಗೆ ಶೆಟ್ಟರು ಅವಸರದಲ್ಲಿ ಬಂದು ಸುರುಳಿಗಳನ್ನು ಬಿಚ್ಚದೆ ಒಯ್ದರು. ನಾನೂ ಹಿಂದೆಯೇ ಹೋದೆ. ಜೋಪಡಿಯವರು ಬಾಗಿಲ ಬಳಿ ಗುಂಪಾಗಿ ನಿಂತಿದ್ದರು.

ಸಮಿತಿಯವರು ಗೋಡೆಯುದ್ದಕ್ಕೂ ಇಪ್ಪತ್ತು ಪ್ರತಿ ತೂಗುಹಾಕಿದರು. ಕಡುಗಪ್ಪು ಕಾಡು, ಅದರ ನಡುವೆ ಹೆಡ್‌ಲೈಟ್ ಹಾಕಿದಷ್ಟು ಬೆಳ್ಳಗೆ ಡಂಪರಿನ ಆಕಾರ. ಅದು ಇದ್ದಾಗ ಗಿಡಗಳ ನಡುವೆ ಹುಡುಕಬೇಕಿತ್ತು, ತೆಗೆದ ಮೇಲೆ ಬೇರೇನೂ ಕಾಣಲಿಲ್ಲ. ಅಧಿಕಾರಿ ಕನ್ನಡಕ ಏರಿಸಿ, ಆ ಬಿಳಿ ಜಾಗದಲ್ಲಿ ಏನಿದೆ ಎಂದು ಕೇಳಿದರು, "ಯೇ ಸಫೇದ್ ಮೇ ಕ್ಯಾ ಹೈ?"

"ಪ್ರಿಂಟಿಂಗ್ ಮಿಸ್ಟೇಕ್ ಸರ್" ಎಂದರು ಶೆಟ್ಟರು.

ಬಾಗಿಲ ಬಳಿಯಿಂದ ಶಾಂತವ್ವನ ದನಿ ಬಂತು. "ಡಂಪರ್ ಹೈ ಸಾಬ್. ರೋಜ್ ಆತಾ ಹೈ. ಗುಲಾಬಿ ಲಾದಿ ಲೇಕೆ." ದಿನವೂ ಗುಲಾಬಿ ಲಾದಿ ತುಂಬಿಕೊಂಡು ಬರುತ್ತದೆ ಎಂದಳು.

ಸಭೆ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ. ಎದ್ದು ನಿಂತು, ಮಿಸ್ಟೇಕ್ ಅಲ್ಲ, ನನ್ನ ಕೈಯಲ್ಲಿ ಮಿಸ್ಟೇಕ್ ಆಗುವುದಿಲ್ಲ, ಇಲ್ಲಿದ್ದ ಡಂಪರನ್ನು ತೆಗೆಯಲು ಹೇಳಿದರು, ತೆಗೆದಿದ್ದೇನೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಯಾರು ಹೇಳಿದ್ದು ಎಂದು ಅಧಿಕಾರಿ ಕೇಳಿದರು. ಶೆಟ್ಟರು ಎದ್ದು ಗೋಡೆಯ ಪ್ರತಿಗಳನ್ನು ಇಳಿಸತೊಡಗಿದರು.

ಅಧಿಕಾರಿ ಮರುದಿನ ಖಾಡಿಗೆ ಬಂದು ಲಾದಿಯ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಜೋಪಡಿಗಳ ಮಾತು ಅಲ್ಲಿಗೆ ನಿಂತಿತು, ಆ ರಸ್ತೆಗೆ ಡಂಪರ್ ಬರುವುದೂ ನಿಂತಿತು. ಸುರಿದ ರಾಶಿಯನ್ನು ಮಾತ್ರ ಇಂದಿಗೂ ಯಾರೂ ಎತ್ತಿಲ್ಲ. ಅದರಡಿಯ ಗಿಡಗಳು ಸತ್ತಿವೆ. ದಂಡ ಕಟ್ಟಿದವರು ಯಾರೂ ಇಲ್ಲ.

ಆ ಹಲಗೆ ನನ್ನ ಅಂಗಡಿಯ ಗೋಡೆಯ ಮೇಲಿದೆ. ಇದನ್ನು ತೆಗೆಯಿರಿ, ಅದನ್ನು ತೆಗೆಯಿರಿ ಎನ್ನುವ ಗಿರಾಕಿಗಳನ್ನು ಮೊದಲು ಅದರ ಮುಂದೆ ನಿಲ್ಲಿಸುತ್ತೇನೆ. ಕೊರೆದ ಜಾಗಕ್ಕೆ ಬೆರಳಿಟ್ಟು ನೋಡಿ ಎನ್ನುತ್ತೇನೆ. ಹೆಚ್ಚಿನವರು ಬೆರಳಿಟ್ಟ ಕೂಡಲೇ ಇದು ಡಂಪರ್ ಅಲ್ಲವೇ ಎಂದು ಕೇಳುತ್ತಾರೆ.