ಬಂಡೆಯ ಬುಡದಲ್ಲಿ ಮಂಡಿಯೂರಿದವನು

ಒರ್ಸೊಲಾಳ ಗಂಡ ಝುವಾನೆ ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ, ಪಿಯಾವೆ ಹೊಳೆಯಲ್ಲಿ ತೇಲಿಸಿಕೊಂಡು ವೆನಿಸ್ಸಿಗೆ ಹೋದವನು ತಿರುಗಿ ಬರಲಿಲ್ಲ. ಜೊತೆಗಿದ್ದವರು, "ದಿಮ್ಮಿ ಇಳಿಸಿದ, ಎಲ್ಲಿಗೋ ನಡೆದುಬಿಟ್ಟ" ಎಂದರು. ಸತ್ತಿದ್ದರೆ ಅತ್ತು ಕಪ್ಪು ಬಟ್ಟೆ ತೊಡಬಹುದಿತ್ತು. ಅದೂ ಇಲ್ಲದೆ ಬೆಲ್ಲುನೊ ಊರಲ್ಲಿ ಉಣ್ಣೆ ನೂಲುತ್ತಾ ಒಂಬತ್ತು ವರ್ಷ ದಾರಿ ಕಾದಳು.

ಒಂಬತ್ತನೆಯ ವರ್ಷ ಊರಿನ ಇಗರ್ಜಿಗೆ ಹೊಸ ಚಿತ್ರ ಬಂತು. ಕಾಡಿನ ನಡುವೆ ಬಂಡೆಯ ಬುಡದಲ್ಲಿ ಸಂತ ಜೆರೋಲಮೊ ಮಂಡಿಯೂರಿದ್ದಾನೆ. ಕೈಯಲ್ಲಿ ಪಾಪ ನೆನೆದು ಎದೆ ಗುದ್ದಿಕೊಳ್ಳುವ ಕಲ್ಲು, ಪಕ್ಕದಲ್ಲಿ ಸಿಂಹ. ಜನರೆಲ್ಲ ಸಿಂಹ ನೋಡಿದರು. ಒರ್ಸೊಲಾ ಸಂತನ ಮುಖ ನೋಡಿ, ನೆರೆಮನೆಯ ಮೆನೆಗಾಳ ತೋಳು ಬಿಗಿಯಾಗಿ ಹಿಡಿದಳು.

"ಇವನು ನಮ್ಮ ಝುವಾನೆ ಕಣೇ!"

"ನಿನ್ನ ಗಂಡ ಸಂತನಾ? ಹೆಂಡದಂಗಡಿಯವನಿಗೆ ಹೇಳು, ಬಿದ್ದು ಬಿದ್ದು ನಗ್ತಾನೆ."

ಚಿತ್ರ ಬರೆದ ಅಲ್ವಿಸೆ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ. "ಮಾಸ್ತ್ರೊ, ಈ ಮುಖ ನಿಮಗೆಲ್ಲಿ ಸಿಕ್ತು?" ಎಂದು ಒರ್ಸೊಲಾ ಅವನನ್ನು ಕೇಳಿದಳು.

"ಅಗೋರ್ದೊ ಕಣಿವೇಲಿ ಒಬ್ಬ ಸನ್ಯಾಸಿ ಇದ್ದಾನಮ್ಮ. ಹೆಸರು ಕೇಳಿದ್ರೆ ಬಾಯೇ ಬಿಡಲಿಲ್ಲ."

ಗಂಡನಿಗೆಂದು ನೇಯ್ದಿಟ್ಟಿದ್ದ ಉಣ್ಣೆ ಅಂಗಿ ಕಂಕುಳಲ್ಲಿಟ್ಟುಕೊಂಡು ಎರಡು ದಿನ ನಡೆದಳು. ಆ ಕಣಿವೆಯ ಗುಡಿಸಲೊಂದರ ಮುಂದೆ ಒಬ್ಬ ಬೆನ್ನು ಮಾಡಿ ಸೌದೆ ಒಡೆಯುತ್ತಿದ್ದ. ಅದೇ ಭುಜ. ಅವಳು ಹತ್ತಿರ ಹೋದಳು. ಅವನು ತಿರುಗಿದ. ಅದೇ ಹಣೆ, ಅದೇ ಮೂಗು. ಕಣ್ಣು ಮಾತ್ರ ಬೇರೆ ಯಾರದ್ದೋ; ಇವನು ಝುವಾನೆ ಅಲ್ಲ.

ಒರ್ಸೊಲಾ ಅಲ್ಲೇ ಕುಸಿದು ಕೂತು ಅತ್ತಳು. ಅವನು ಬೇಯಿಸಿದ ಚೆಸ್ಟ್‌ನಟ್ ಕಾಯಿ ತಂದು ಮುಂದಿಟ್ಟ.

"ಯಾರನ್ನ ಹುಡುಕ್ತಿದ್ದೀಯವ್ವಾ?"

"ನನ್ನ ಗಂಡನ್ನ."

"ಎಂಥವನು ಅವನು?"

ಯಾಕೆ ಬಿಟ್ಟುಹೋದ ಎಂದು ಊರೆಲ್ಲ ಕೇಳಿತ್ತು. ಎಂಥವನು ಎಂದು ಯಾರೂ ಕೇಳಿರಲಿಲ್ಲ. ಅವಳು ಹೇಳತೊಡಗಿದಳು: ಹೊಳೆಯ ತಿರುವಿನಲ್ಲಿ ಅವಳಿಗೆ ಕೇಳಲೆಂದೇ ಸಿಳ್ಳೆ ಹೊಡೆಯುತ್ತಿದ್ದುದು, ಚಳಿಗೆ ಅವಳ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದುದು. ಬಿಸಿಲು ಇಳಿಯಿತು. ಅವನು ಕೊಡಲಿ ಬದಿಗಿಟ್ಟು ಕೇಳುತ್ತಲೇ ಇದ್ದ.

ಹೊರಡುವಾಗ ಅಂಗಿಯನ್ನು ಅವನ ಕೈಗಿಟ್ಟಳು.

"ನಿನ್ನ ಗಂಡ ಬಂದ್ರೆ?"

"ಬರಲಿ, ಇನ್ನೊಂದು ನೇಯ್ತೀನಿ."

ಝುವಾನೆ ಬರಲೇ ಇಲ್ಲ. ಒರ್ಸೊಲಾ ಮಾತ್ರ ಕಾಲಲ್ಲಿ ಕಸುವಿರುವವರೆಗೆ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಆ ಕಣಿವೆಗೆ ಹೋಗಿಬರುತ್ತಿದ್ದಳು. ಊರು ಏನೇನೋ ಆಡಿಕೊಂಡಿತು. ಅಲ್ಲಿ ಆ ಸನ್ಯಾಸಿಯ ಮುಂದೆ ಅವಳು ಆಡುತ್ತಿದ್ದುದೆಲ್ಲ ಗಂಡನ ಬಗೆಗಿನ ಮಾತೇ.