ಚಂದ್ರಿಕೆಯೊಳಗಿನ ರೈಲು

ಕೀ ಕೊಟ್ಟು ಬಿಟ್ಟ ನನ್ನ ತಗಡಿನ ರೈಲು ರೇಷ್ಮೆಗೂಡು ಹೊತ್ತು ಚಂದ್ರಿಕೆಯ ಸುತ್ತುಗಳಲ್ಲಿ ಓಡಿ, ನಟ್ಟನಡುವೆ ಬಿದಿರಿಗೆ ಮೂತಿ ಇಟ್ಟು ನಿಂತುಬಿಟ್ಟಿತು. ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರುಪಟ್ಟಿಯನ್ನು ಸುರುಳಿಯಾಗಿ ಸುತ್ತಿದ ಆ ತಟ್ಟಿಯನ್ನೇ ನಾನು ರೈಲುದಾರಿ ಮಾಡಿಕೊಂಡಿದ್ದೆ. ಮರುದಿನ ಅದನ್ನು ಕೊಳ್ಳೇಗಾಲದ ರೇಷ್ಮೆ ಪ್ರದರ್ಶನಕ್ಕೆ ಒಯ್ಯಬೇಕಿತ್ತು.

ಅದನ್ನು ಹೆಣೆದುಕೊಟ್ಟಿದ್ದ ಕಾಮಗೆರೆಯ ಮಾದಮ್ಮ ಪಕ್ಕದಲ್ಲೇ ಕೂತಿದ್ದರು. "ಉಳ ಒಳಿಕ್ಕೋದ್ರೆ ಅಲ್ಲೇ ಗೂಡು ಕಟ್ಕತದೆ ಕಣಪ್ಪಾ. ರೈಲು ಊರ್ಗೆ ವಾಪಸ್ ಬರ್ಬೇಕಲ್ವಾ?" ಅಂದರು. ಅವರು ನಿಜವಾದ ರೈಲನ್ನು ಒಮ್ಮೆಯೂ ಕಂಡವರಲ್ಲ. ನಾನೋ ರೇಷ್ಮೆ ಕಾರ್ಖಾನೆಯ ಫಿಟ್ಟರ್. ಮೈಸೂರು ಸ್ಟೇಷನ್ನಿನಲ್ಲಿ ಗಂಟೆಗಟ್ಟಲೆ ನಿಂತು ನೋಡಿ ಬಂದವನು.

ಅವರು ಒಳಗಿನ ಪಟ್ಟಿಯನ್ನೆಲ್ಲ ಬಿಚ್ಚಿ, ಜೋಡಿಯಾಗಿ ಸುತ್ತಿದರು. ಹೋಗಲು ಒಂದು ಓಣಿ, ನಡುವೆ ತಿರುವು, ಬರಲು ಪಕ್ಕದ ಓಣಿ. ಮತ್ತೆ ಕೀ ಕೊಟ್ಟೆ. ರೈಲು ಒಳಹೊಕ್ಕು, ತಿರುಗಿ, ಹೊರಬಂದು ಅವರ ಮಡಿಲಿಗೇ ಬಿತ್ತು.

ಪ್ರದರ್ಶನದಲ್ಲಿ ದೊಡ್ಡ ಸಾಹೇಬರೊಬ್ಬರು ಬಗ್ಗಿ ನೋಡಿ, ಈ ದಾರಿ ಹಾಕಿದ ಇಂಜಿನಿಯರ್ ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾದಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ನಾನೆಯಾ ಸಾಮಿ."

ಕೊಳ್ಳೇಗಾಲಕ್ಕೆ ರೈಲು ಇನ್ನೂ ಬಂದಿಲ್ಲ. ದಾರಿ ಅಳೆಯಲು ಬರುವವರು ಮೊದಲು ಕಾಮಗೆರೆಗೆ ಹೋಗಿ ಮಾದಮ್ಮನನ್ನು ಕೇಳಲಿ.